ಅಳಿವೆಯ ಕೆಸರಿನಿಂದ ಆಲಿಕೆ ಸಭೆಯ ಮೈಕಿನವರೆಗೆ

ಯೋಜನೆಗೆ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳುವ ಸಾರ್ವಜನಿಕ ಆಲಿಕೆ ಸಭೆಯ ನಡವಳಿ ಮತ್ತು ಅದರ ಬೆನ್ನಿಗೇ ಬಂದ ಪರಿಣತರ ಸಮಿತಿಯ ಟಿಪ್ಪಣಿ ಎರಡೂ ಈಗ ನನ್ನ ಮೇಜಿನ ಮೇಲಿವೆ. ಉತ್ತರ ಕನ್ನಡದ ಒಂದು ಅಳಿವೆಯ ಬಾಯಲ್ಲಿ ಸರಕು ಬಂದರು ಕಟ್ಟುವ ಪ್ರಸ್ತಾವಕ್ಕೆ ಸಂಬಂಧಿಸಿದವು ಅವು. ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಊರಿನ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ. ಕರಾವಳಿಯಲ್ಲಿ ಇಂಥ ಸಭೆಗಳು ಇನ್ನೂ ನಡೆಯಲಿವೆ. ಆಗ ಮೀನುಗಾರರ ಜೊತೆ ನಿಲ್ಲಲು ಹೊರಡುವ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ, ಶಾಲಾ ಶಿಕ್ಷಕರಿಗೆ, ಪಂಚಾಯಿತಿ ಸದಸ್ಯರಿಗೆ ನಾನು ಪಟ್ಟಷ್ಟು ಪಾಡು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಓದು ಕಡಲ ಜೀವಶಾಸ್ತ್ರ. ಅಳಿವೆಯ ಕೆಸರಿನೊಳಗೆ ಬದುಕುವ ಹುಳು, ಏಡಿ, ಚಿಪ್ಪುಜೀವಿಗಳ ಮೇಲೆ ಪಿಎಚ್.ಡಿ. ಮಾಡಿದ್ದೇನೆ. ಆಮೇಲೆ ಗುತ್ತಿಗೆ ಮೇಲೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಓದಿದವರು ನನ್ನಂಥವರೇ. ಜಿಲ್ಲೆಯ ಪತ್ರಿಕೆಯೊಂದರ ಸಂಪಾದಕರು ಕೇಳಿದ ಮೇಲೆ ಕಡಲ ತೀರದ ಜೀವಿಗಳ ಬಗ್ಗೆ ಕನ್ನಡದಲ್ಲಿ ಅಂಕಣ ಶುರು ಮಾಡಿದ್ದೆ. ಸಂಸ್ಥೆಯ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕವಿಲ್ಲ, ಪತ್ರಿಕೆಯ ಸಂಭಾವನೆ ತಿಂಗಳ ಬಸ್ ಖರ್ಚಿಗೂ ಸಾಲದು. ಆದರೆ ಆ ಅಂಕಣದಿಂದಲೇ ಈ ಕೆಲಸ ನನ್ನ ಬಳಿಗೆ ಬಂತು. ಅಂಕಣ ಓದುತ್ತಿದ್ದ ಮೀನುಗಾರ ಸಂಘದ ಹಿರಿಯರೊಬ್ಬರು ಫೋನ್ ಮಾಡಿ, "ತಂಗೀ, ಪೇಪರಿನಲ್ಲಿ ಆಲಿಕೆ ಸಭೆಯ ಪ್ರಕಟಣೆ ಬಂದಿದೆ. ನಮ್ಮ ಬಳಚಿನ ಬಗ್ಗೆ ಬರೆದಿದ್ದೆಯಲ್ಲ, ಈಗ ಅದನ್ನೇ ಅರ್ಜಿಯಲ್ಲಿ ಬರೆದುಕೊಡಬೇಕು" ಎಂದರು. ಬಳಚು ಎಂದರೆ ಅಳಿವೆಯ ಕೆಸರಿನಲ್ಲಿ ಹೂತು ಬದುಕುವ ಚಿಪ್ಪುಜೀವಿ.

ಪ್ರಕಟಣೆ ಬಂದ ದಿನವೇ ಗಡಿಯಾರ ಓಡಲು ಶುರುವಾಗುತ್ತದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಪ್ರತಿನಿಧಿಯದು. 30 ದಿನ ಎಂದರೆ ಕೇಳಲು ಧಾರಾಳ. ಆದರೆ ಯೋಜನೆಯ ಪರಿಸರ ಪರಿಣಾಮದ ನೂರಾರು ಪುಟದ ಇಂಗ್ಲಿಷ್ ಕರಡು ವರದಿ ಓದಿ, ಕೆಸರು ಬಯಲಿಗಿಳಿದು ಲೆಕ್ಕ ಹಾಕಿ, ಅದನ್ನು ಜನರಿಗೆ ತಿಳಿಸಿ, ಕನ್ನಡದಲ್ಲಿ ಆಕ್ಷೇಪಣೆ ಬರೆಯುವವರಿಗೆ ಅದು ಬಹಳ ಕಡಿಮೆ.

ಇಲ್ಲಿ ಒಂದು ಮಾತು. ಎಲ್ಲರೂ ಮೊದಲು ಕೊಡುವ ಸಲಹೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎಂದು. ಹಾಕಿ, ಬೇಡ ಎನ್ನುವುದಿಲ್ಲ. ಆದರೆ 2005ರ ಆ ಕಾಯ್ದೆ ಉತ್ತರ ಕೊಡಲು ಅಧಿಕಾರಿಗೆ ಕೊಟ್ಟಿರುವುದೂ 30 ದಿನ. ಉತ್ತರ ಬರುವ ಹೊತ್ತಿಗೆ ಪೆಂಡಾಲ್ ಬಿಚ್ಚಿರುತ್ತಾರೆ. ಕರಡು ವರದಿಗೆ ಮಾಹಿತಿ ಹಕ್ಕು ಬೇಕಾಗಿಯೂ ಇಲ್ಲ. ಅದು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಂಡಳಿಯ ಕಚೇರಿ ಇಲ್ಲೆಲ್ಲ ಸಾರ್ವಜನಿಕರಿಗೆ ನೋಡಲು ಸಿಗಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಕರಾವಳಿ ನಿಯಂತ್ರಣ ವಲಯದ ನಕ್ಷೆ, ಕಚೇರಿಗಳ ನಡುವಿನ ಪತ್ರವ್ಯವಹಾರ ಇಂಥವಕ್ಕೆ ಮಾತ್ರ ಮಾಹಿತಿ ಹಕ್ಕು ಬಳಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಮಿತಿ ಮೀರಿದರೆ ಹಿಂಬರಹ ಕೊಟ್ಟು ಕಳಿಸಿಬಿಡುತ್ತಾರೆ. ಇನ್ನೂ ಒಳ್ಳೆಯದೆಂದರೆ ಪ್ರಕಟಣೆಗೆ ಕಾಯದೆ, ಪರಿಸರ ಅನುಮತಿಯ ಅರ್ಜಿಗಳು ಕಾಣುವ ಕೇಂದ್ರ ಸಚಿವಾಲಯದ ಪರಿವೇಶ್ ಜಾಲತಾಣದ ಮೇಲೆ ಕಣ್ಣಿಡುವುದು. ಯೋಜನೆಯೊಂದು ತನ್ನ ಪರಿಸರ ಅಧ್ಯಯನ ಹೇಗಿರಬೇಕೆಂಬ ಷರತ್ತು ಕೇಳಿ ಅರ್ಜಿ ಹಾಕಿದಾಗಲೇ ಅಲ್ಲಿ ಕಾಣಿಸುತ್ತದೆ, ಆಲಿಕೆ ಸಭೆಗಿಂತ ಎಷ್ಟೋ ತಿಂಗಳು ಮೊದಲು.

ವರದಿ ನೋಡಲು ನಾನು ಹೋದ ಮೊದಲ ಕಚೇರಿಯಲ್ಲಿ ಅದರ ಸುಳಿವೇ ಇರಲಿಲ್ಲ. ತಪಾಲು ಶಾಖೆಯವರು ಬೇರೆ ಶಾಖೆಗೆ ಕಳಿಸಿದರು, ಅಲ್ಲಿನವರು ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಊಟದ ಹೊತ್ತು ಕಳೆದ ಮೇಲೆ ಬೀರುವಿನ ಮೇಲಿಂದ ದಪ್ಪ ಪುಸ್ತಕವೊಂದು ಇಳಿದು ಬಂತು. ಕೂತು ಓದಬಹುದು, ಜೆರಾಕ್ಸ್ ಕೊಡಲಾಗದು ಎಂದರು. ಅವರ ಜೊತೆ ವಾದಕ್ಕಿಳಿಯಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಬಂದೆ, ಪ್ರತಿ ಕೇಳಿದೆ, ಸಿಗಲಿಲ್ಲ ಎಂದು ಅಲ್ಲೇ ಒಂದು ಮನವಿ ಬರೆದು, ಎರಡನೇ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಆ ಮುದ್ರೆ ಬಿದ್ದ ಮೇಲೆ ದನಿ ಬದಲಾಯಿತು, ಮರುದಿನ ಬೇಕಾದ ಪುಟಗಳ ಪ್ರತಿ ಸಿಕ್ಕಿತು. ಮುಂದಿನ ಎಲ್ಲ ಹಂತದಲ್ಲೂ ನನ್ನನ್ನು ಕಾಪಾಡಿದ್ದು ಇದೇ ಅಭ್ಯಾಸ. ಬಾಯಲ್ಲಿ ಹೇಳಿದ ಯಾವುದೂ ಕಡತ ಸೇರುವುದಿಲ್ಲ.

ವರದಿಯ ಕನ್ನಡ ಸಾರಾಂಶದಲ್ಲಿ ಅಳಿವೆಯ ಜೀವಿಗಳಿಗೆ ಸಿಕ್ಕಿದ್ದು ಒಂದೇ ಪ್ಯಾರಾ: ಯೋಜನಾ ಪ್ರದೇಶದಲ್ಲಿ ಗಮನಾರ್ಹ ಜೀವಿಸಂಪತ್ತು ಕಂಡುಬಂದಿಲ್ಲ, ಪರಿಣಾಮ ಅಲ್ಪಕಾಲಿಕ. ಮೂಲ ಇಂಗ್ಲಿಷ್ ವರದಿಯ ಕೋಷ್ಟಕ ತೆರೆದಾಗ ಕಾರಣ ಗೊತ್ತಾಯಿತು. ತಳದ ಜೀವಿಗಳ ಮಾದರಿ ತೆಗೆದ ಎಲ್ಲ ಜಾಗಗಳೂ ದೋಣಿ ಓಡಾಡುವ ನಡುಗಾಲುವೆಯಲ್ಲಿದ್ದವು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಒಂದು ಮಾದರಿಯೂ ಇಲ್ಲ. ತೆಗೆದದ್ದು ಒಂದೇ ಋತುವಿನಲ್ಲಿ. ನಮ್ಮ ಅಳಿವೆಗಳ ಬದುಕನ್ನು ನಡೆಸುವುದು ಮಳೆಗಾಲ. ಜೂನ್‌ನಿಂದ ಘಟ್ಟದ ನೀರು ನುಗ್ಗಿ ಉಪ್ಪಿನಂಶ ಬಹುಪಾಲು ತೊಳೆದುಹೋಗುತ್ತದೆ, ಮಳೆ ಕಡಿಮೆಯಾದಂತೆ ಉಪ್ಪು ಮರಳುತ್ತದೆ, ಅದರ ಜೊತೆ ಹೊಸ ಬಳಚಿನ ಮರಿಗಳು ಕೆಸರಿಗೆ ಇಳಿಯುತ್ತವೆ. ಇದನ್ನು ನೋಡದೆ ಬರೆದ ವರದಿಯಲ್ಲಿ ಬಳಚು ಇರುವುದಾದರೂ ಹೇಗೆ? ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಡೀ ಊರಿನ ಹೆಂಗಸರ ದುಡಿಮೆ ಒಂದು ಕೋಷ್ಟಕದಿಂದ ಅಳಿಸಿಹೋಗಿತ್ತು.

ಇದೇ ಜಿಲ್ಲೆಯ ಅಘನಾಶಿನಿ ನದಿಯ ಅಳಿವೆಯನ್ನು ನೆನೆದುಕೊಂಡೆ. ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಜನರ ವಿರೋಧದ ನಡುವೆ ಕೈಬಿಟ್ಟ ಇತಿಹಾಸ ಅಲ್ಲಿಯದು. ಆ ಅಳಿವೆಯ ಬಳಚು, ಮೀನು, ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರಗಳು), ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನಗಳು ಅಚ್ಚಾಗಿವೆ, 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಸಣ್ಣ ಅಳಿವೆಯ ಬಗ್ಗೆ ಅಚ್ಚಾದದ್ದು ಏನೂ ಇರಲಿಲ್ಲ. ಉಲ್ಲೇಖಿಸಲು ಏನೂ ಇಲ್ಲದಿದ್ದರೆ ನಾವೇ ಅಳೆಯಬೇಕು.

ಅದಕ್ಕೂ ಮೊದಲು ಇನ್ನೊಂದು ಗಂಟು ಬಿಡಿಸಬೇಕಿತ್ತು. ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆ ಸರ್ಕಾರದ ಅನುದಾನದಿಂದ ನಡೆಯುವುದು. ಸಭೆಯಲ್ಲಿ ಮಾತಾಡಲು ಅನುಮತಿ ಕೋರಿ ಪತ್ರ ಕೊಟ್ಟೆ. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಯಿತೇ ಹೊರತು ಉತ್ತರ ಬರಲಿಲ್ಲ. "ಯಾಕಮ್ಮಾ ಇದೆಲ್ಲ, ಗುತ್ತಿಗೆ ನವೀಕರಣ ಹತ್ತಿರ ಬಂತು" ಎಂದು ಹಿತೈಷಿಗಳೊಬ್ಬರು ಹೇಳಿದರು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆ ಬಾಡಿಗೆ, ಅಮ್ಮನ ಔಷಧಿ ಎಲ್ಲವೂ ಆ ಸಂಬಳದಲ್ಲೇ. ಈ ಸ್ಥಿತಿಯಲ್ಲಿರುವವರಿಗೆ ಹೇಳುವುದು: ನಿಮ್ಮ ಗುತ್ತಿಗೆ ಪತ್ರವನ್ನು ಸಾಲು ಸಾಲಾಗಿ ಓದಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಅನ್ವಯಿಸುವುದಾದರೆ, ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ ಸ್ವರೂಪದ ಬರಹಕ್ಕೆ ಅವು ವಿನಾಯಿತಿ ಕೊಡುತ್ತವೆ, ಸರ್ಕಾರದ ನೀತಿಯ ಟೀಕೆಗೆ ಕೊಡುವುದಿಲ್ಲ. ಅಂಕಣ ಬರೆಯುವುದು ಒಂದು, ಸಭೆಯಲ್ಲಿ ಆಕ್ಷೇಪಿಸುವುದು ಇನ್ನೊಂದು. ನಾನು ಸಂಸ್ಥೆಯ ಹೆಸರು, ಉಪಕರಣ, ವಾಹನ, ಕಾಗದ ಯಾವುದನ್ನೂ ಬಳಸದೆ, ರಜೆ ಹಾಕಿ, ಜಿಲ್ಲೆಯ ನಿವಾಸಿಯಾಗಿ ಮಾತ್ರ ಆಕ್ಷೇಪಣೆಗೆ ಸಹಿ ಹಾಕಿದೆ.

ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಇಳಿತ ಹಿಡಿದು ಕೆಸರಿಗಿಳಿದೆವು. ಬೇಕಾದ ಸಾಮಾನು ಹೆಚ್ಚಿಲ್ಲ. 25 ಸೆಂಟಿಮೀಟರಿನ ಚೌಕಟ್ಟು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ, ಬಕೆಟ್, ಅಳತೆಪಟ್ಟಿ, ಜಾಗದ ಅಕ್ಷಾಂಶ ರೇಖಾಂಶ ತೋರಿಸುವ ಮೊಬೈಲ್. ಚೌಕಟ್ಟು ಊರಿ, ಒಳಗಿನ ಕೆಸರನ್ನು ಒಂದೇ ಆಳಕ್ಕೆ ತೋಡಿ, ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಎಣಿಸಿ ಅಳೆಯುವುದು. ಪದವಿ ಕಾಲೇಜಿನ ಮಕ್ಕಳು ಒಂದು ಬೆಳಗಿನಲ್ಲಿ ಕಲಿತರು.

ಆದರೆ ಎಲ್ಲಿ ಚೌಕಟ್ಟು ಇಡಬೇಕು ಎಂದು ಹೇಳಿಕೊಟ್ಟವರು ಬಳಚು ಹೆಕ್ಕುವ ಅಕ್ಕಂದಿರು. ಅವರಲ್ಲಿ ಹಿರಿಯರೊಬ್ಬರು ಸೀರೆಯನ್ನು ಮಂಡಿಯ ಮೇಲಕ್ಕೆ ಕಟ್ಟಿ ಮುಂದೆ ನಡೆದರು. ಕೆಸರಿನ ಮೇಲೆ ಬೀಗದ ಕೈ ತೂತಿನಂಥ ಒಂದು ಸೀಳನ್ನು ತೋರಿಸಿ, "ಇದು ಉಸಿರಾಡುವ ಬಾಯಿ, ಕೆಳಗೆ ದೊಡ್ಡದಿದೆ" ಎಂದರು. ಹಿಮ್ಮಡಿಯಿಂದ ಒತ್ತಿ, ಬೆರಳು ತೂರಿಸಿ ಎತ್ತಿದರೆ ಕಂದು ಚಿಪ್ಪಿನ ಬಳಚು, ಮೆರೆಟ್ರಿಕ್ಸ್ ಕಾಸ್ಟಾ. ಉಗುರಿನಗಲದ ಮರಿಯೊಂದು ಜೊತೆಗೆ ಬಂದದ್ದನ್ನು ಅದೇ ಕುಳಿಗೆ ಇಳಿಸಿ ಕೆಸರು ಮುಚ್ಚಿದರು. ಬಾಯಿಯ ಹತ್ತಿರ, ಉಪ್ಪು ಜಾಸ್ತಿ ಇರುವಲ್ಲಿ ಗೆರೆ ಗೆರೆಯ ಇನ್ನೊಂದು ಜಾತಿ, ಪ್ಯಾಫಿಯಾ ಮಲಬಾರಿಕಾ. ಎಲ್ಲಿಂದ ಎಲ್ಲಿಯವರೆಗೆ ಯಾವುದು, ಯಾವ ದಿಬ್ಬಕ್ಕೆ ಯಾವ ತಿಂಗಳು ಹೋಗಬಾರದು ಎಂಬುದೆಲ್ಲ ಅವರಿಗೆ ಕಾಲಿನಲ್ಲೇ ಗೊತ್ತು. ನಾನು ನಕ್ಷೆಯ ಮೇಲೆ ಅವರು ಹೇಳಿದ ಗಡಿಗಳನ್ನು ಗುರುತಿಸಿ, ಪ್ರತಿ ದಿಬ್ಬಕ್ಕೂ ಅವರು ಕರೆಯುವ ಹೆಸರನ್ನೇ ಬರೆದೆ. ನಮ್ಮ ಚೌಕಟ್ಟಿನ ಎಣಿಕೆ ಅವರ ಗಡಿಗಳಿಗೆ ಸರಿಯಾಗಿ ಹೊಂದಿತು. ಹೂಳೆತ್ತುವಾಗ ಏಳುವ ರಾಡಿ ನೀರು ಹತ್ತಿರದ ದಿಬ್ಬಗಳ ಮೇಲೆ ಕೂತರೆ, ನೀರು ಸೋಸಿ ತಿನ್ನುವ ಈ ಜೀವಿಗಳ ಕಿವಿರು ಕಟ್ಟುತ್ತದೆ. ಮರಿಗಳು ಹೂತೇ ಹೋಗುತ್ತವೆ.

ಆಮೆಗಳ ವಿಷಯಕ್ಕೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ. ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಟ್ಟ ಜಾಗಕ್ಕೆ ಸಿಬ್ಬಂದಿ ಬೇಲಿ ಹಾಕಿ ದಾಖಲೆ ಇಡುತ್ತಾರೆ. ಅದರ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಆಮೆ ಗೂಡಿಡುವ ತೀರ, ಕಾಂಡ್ಲಾ, ಮರಳುದಿಬ್ಬ, ಜೀವಿಗಳಿರುವ ಕೆಸರು ಬಯಲು ಇವೆಲ್ಲ 1ಎ ವರ್ಗ, ಅಂದರೆ ಅತಿ ಸೂಕ್ಷ್ಮ. ಫೋಟೊ ಇದ್ದರೂ ಇಲಾಖೆಯದೇ ಕಾಗದ ಲಗತ್ತಿಸಿ, ಅದನ್ನು ತಳ್ಳಿಹಾಕುವುದು ಕಷ್ಟ.

ಆಕ್ಷೇಪಣೆ ಬರೆಯಲು ಕೂತಾಗ ಅಂಕಣದ ಅಭ್ಯಾಸ ಕೈಹಿಡಿಯಿತು. ಸಂಶೋಧನಾ ಪ್ರಬಂಧದಂತೆ ಬರೆದರೆ ಜಿಲ್ಲಾಧಿಕಾರಿಗೂ ಮೀನುಗಾರರಿಗೂ ದಕ್ಕುವುದಿಲ್ಲ, ಭಾಷಣದಂತೆ ಬರೆದರೆ ಸಮಿತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಆಕ್ಷೇಪಣೆಗೂ ಒಂದು ಪ್ಯಾರಾ. ಮೊದಲ ಸಾಲಿನಲ್ಲಿ ವರದಿಯ ಪುಟ ಸಂಖ್ಯೆ ಮತ್ತು ಅದು ಹೇಳಿದ್ದು. ನಂತರ ನಾವು ಕಂಡದ್ದು, ದಿನಾಂಕ ಮತ್ತು ಜಾಗದ ಸಹಿತ. ಕೊನೆಯಲ್ಲಿ ಏನು ಆಗಬೇಕು ಎಂಬ ಬೇಡಿಕೆ. "ಬಂದರು ಬೇಡ" ಎಂದು ಬರೆಯುವ ಹಕ್ಕು ನಿಮಗೆ ಇದ್ದೇ ಇದೆ, ಬರೆಯಿರಿ. ಜೊತೆಗೆ "ಕೆಸರು ಬಯಲಿನ ಜೀವಿಗಳನ್ನು ಮಳೆಗಾಲವೂ ಸೇರಿ ಅಧ್ಯಯನ ಮಾಡದೆ ಈ ವರದಿ ಒಪ್ಪತಕ್ಕದ್ದಲ್ಲ" ಎಂದೂ ಬರೆಯಿರಿ. ಸಮಿತಿ ಕೈಗೆತ್ತಿಕೊಳ್ಳುವುದು ಎರಡನೆಯ ಬಗೆಯ ವಾಕ್ಯವನ್ನು. ಬರೆದದ್ದನ್ನು ಸಂಘದ ಕಟ್ಟೆಯ ಮೇಲೆ ಕೂತು ಜೋರಾಗಿ ಓದಿದೆ. ಅಲೆತಡೆಗೋಡೆ ಬಂದರೆ ಒಂದು ಬದಿ ಮರಳು ಕೂತು ಇನ್ನೊಂದು ಬದಿ ತೀರ ಕೊರೆಯುತ್ತದೆ ಎಂಬ ಪ್ಯಾರಾ ಬಂದಾಗ, ಯಾವ ತಿಂಗಳು ಮರಳು ಯಾವ ದಿಕ್ಕಿಗೆ ಸರಿಯುತ್ತದೆ ಎಂದು ದಡದಲ್ಲಿ ನಿಂತು ಏಂಡಿ ಎಂಬ ದೊಡ್ಡ ಬಲೆ ಎಳೆಯುವ ಹಿರಿಯರು ತಿದ್ದುಪಡಿ ಹೇಳಿದರು. ಅದನ್ನು ಅವರ ಹೇಳಿಕೆಯಾಗಿಯೇ ಸೇರಿಸಿ ಸಹಿ ಹಾಕಿಸಿದೆ.

ಸಭೆಯ ದಿನ ಪೊಲೀಸರು ಬಹಳ ಇದ್ದರು. ಬಾಗಿಲಲ್ಲೇ ಹಾಜರಾತಿ ಪುಸ್ತಕ. ಅಲ್ಲಿ ತಪ್ಪದೆ ಹೆಸರು ಬರೆಸಿ, ಏಕೆಂದರೆ ಹಾಜರಾದವರ ಪಟ್ಟಿಯನ್ನು ನಡವಳಿಗೆ ಲಗತ್ತಿಸಬೇಕು. ಇಷ್ಟೇ ಜನ ಬರಬೇಕೆಂಬ ಕೋರಂ ನಿಯಮ ಇಲ್ಲ. ಆದ್ದರಿಂದ ಬಹಿಷ್ಕರಿಸಿ ಹೊರಗೆ ನಿಂತರೆ ಸಭೆ ನಿಲ್ಲುವುದಿಲ್ಲ, ನಿಮ್ಮ ಮಾತು ಮಾತ್ರ ದಾಖಲಾಗದೆ ಉಳಿಯುತ್ತದೆ. ಈ ಬಗ್ಗೆ ನಮ್ಮಲ್ಲೂ ಚರ್ಚೆ ನಡೆದಿತ್ತು. ಕಡೆಗೆ ಒಳಗೆ ಹೋಗುವುದೆಂದು ತೀರ್ಮಾನವಾಯಿತು. ಲಿಖಿತ ಆಕ್ಷೇಪಣೆಯನ್ನು ಸಭೆ ಶುರುವಾಗುವ ಮೊದಲೇ ಕೊಟ್ಟು ಸ್ವೀಕೃತಿ ಪಡೆದೆವು.

ಕಂಪನಿಯವರ ಪ್ರಾತ್ಯಕ್ಷಿಕೆ ಉದ್ದಕ್ಕೆ ನಡೆಯಿತು. ಜನರ ಸರದಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮೈಕಿಗಾಗಿ ನೂಕುನುಗ್ಗಲು, ಕೂಗಾಟ. ನನ್ನ ಚೀಟಿ ಬರುವ ಹೊತ್ತಿಗೆ ಬಾಯಿ ಒಣಗಿತ್ತು. ಪುಟ ಸಂಖ್ಯೆ ಹೇಳಿ, ಮಾದರಿ ತೆಗೆದ ಜಾಗಗಳ ನಕ್ಷೆ ಎತ್ತಿ ತೋರಿಸಿ, ಕೆಸರು ಬಯಲು ಎಲ್ಲಿ ಎಂದು ಕೇಳಿದೆ. ಆಮೇಲೆ ಆ ಹಿರಿಯ ಅಕ್ಕ ಮೈಕಿಗೆ ಬಂದರು. ಕೈಚೀಲದಲ್ಲಿ ತಂದಿದ್ದ ಬಳಚನ್ನು ವೇದಿಕೆಯ ಮೇಜಿನ ಮೇಲೆ ಸುರಿದು, "ಸಾಹೇಬರೇ, ಇಲ್ಲಿ ಏನೂ ಇಲ್ಲ ಅಂತ ಬರೆದಿದ್ದಾರಂತೆ. ಇದು ಇವತ್ತು ಬೆಳಿಗ್ಗೆಯದು. ಇದರಲ್ಲೇ ಮೂರು ಹೆಣ್ಣುಮಕ್ಕಳನ್ನು ಓದಿಸಿದ್ದೇನೆ" ಎಂದರು. ಪೆಂಡಾಲ್ ಪೂರ್ತಿ ಚಪ್ಪಾಳೆ. ನನಗೆ ಗಂಟಲು ಕಟ್ಟಿತು.

ನಿಜವಾದ ಪರೀಕ್ಷೆ ಬಂದದ್ದು ಅದೆಲ್ಲ ಮುಗಿದ ಮೇಲೆ. ಸಭೆಯಲ್ಲಿ ಬಂದ ಅಭಿಪ್ರಾಯಗಳ ಸಾರವನ್ನು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿತವಾದ ನಡವಳಿಗೆ ಅದೇ ದಿನ ಸಹಿ ಆಗಬೇಕು ಎಂಬುದು ನಿಯಮ. ಸಂಜೆಯಾಗಿತ್ತು, ಬಸ್ಸಿನ ಹೊತ್ತಾಯಿತೆಂದು ಬಹುಪಾಲು ಜನ ಹೊರಟಿದ್ದರು. ಓದಿದ ಸಾರದಲ್ಲಿ ನಮ್ಮ ಇಡೀ ವಾದ "ಮೀನುಗಾರಿಕೆಗೆ ತೊಂದರೆಯಾಗಬಹುದೆಂದು ಕೆಲವರು ಆತಂಕ ವ್ಯಕ್ತಪಡಿಸಿದರು" ಎಂಬ ಒಂದೇ ಸಾಲಾಗಿತ್ತು. ಉಳಿದಿದ್ದವರು ಎದ್ದು ನಿಂತೆವು. ನಾನು ಸ್ವೀಕೃತಿ ಮುದ್ರೆಯ ಪ್ರತಿ ಹಿಡಿದು, ಕೆಸರು ಬಯಲಿನ ಮಾದರಿ ಇಲ್ಲದಿರುವುದು, ಒಂದೇ ಋತುವಿನ ಅಧ್ಯಯನ, ಆಮೆ ಗೂಡುಗಳ ಇಲಾಖಾ ದಾಖಲೆ ಇವು ಪ್ರತ್ಯೇಕ ಅಂಶಗಳಾಗಿ ದಾಖಲಾಗಬೇಕು, ಲಿಖಿತ ಆಕ್ಷೇಪಣೆಗಳು ಅನುಬಂಧವಾಗಬೇಕು ಎಂದು ಕೇಳಿದೆ. ಅಧ್ಯಕ್ಷತೆ ವಹಿಸಿದ್ದವರು ಸ್ವಲ್ಪ ಹೊತ್ತು ಯೋಚಿಸಿ, ಸೇರಿಸಿ ಎಂದು ಸೂಚಿಸಿದರು. ಅದನ್ನು ಕೈಬರಹದಲ್ಲಿ ಸೇರಿಸಿ ಮತ್ತೆ ಓದಿದರು. ಸಭೆಗೆ ಹೋಗುವವರು ಊರಿಗೆ ಮರಳುವ ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಡವಳಿ ಓದುವವರೆಗೆ ಹತ್ತಿಪ್ಪತ್ತು ಜನವಾದರೂ ಕೂತಿರಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ, ಅದರ ಪ್ರತಿಗೆ ಮರುದಿನವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ನಂತರದ ಕಾಯುವಿಕೆ ಮನಸ್ಸನ್ನು ಹಿಂಡುವಂಥದ್ದು. ವರ್ಷಕ್ಕೆ 50 ಲಕ್ಷ ಟನ್ ಅಥವಾ ಹೆಚ್ಚು ಸರಕು ನಿಭಾಯಿಸುವ ಬಂದರು 'ಎ' ವರ್ಗ. ಅದು ದೆಹಲಿಯ ಸಚಿವಾಲಯದ ಪರಿಣತರ ಸಮಿತಿಗೆ ಹೋಗುತ್ತದೆ. ನಮ್ಮದು ಅದೇ. ಸಮಿತಿಯ ಕಾರ್ಯಸೂಚಿ ಪರಿವೇಶ್‌ನಲ್ಲಿ ಬರುತ್ತದೆ, ಆಗಾಗ ನೋಡುತ್ತಲೇ ಇರಬೇಕು. ಈ ನಡುವೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ಕೇಳಿ ಹಾಕಿದ್ದ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಂತು. 1:4000 ಅಳತೆಯ ಆ ನಕ್ಷೆಯಲ್ಲಿ ನಮ್ಮ ಕೆಸರು ಬಯಲಿನ ಒಂದು ಭಾಗ 1ಎ ಎಂದೇ ಗುರುತಾಗಿತ್ತು. ಅದರ ಪ್ರತಿಯನ್ನು ಇಂಗ್ಲಿಷ್ ಟಿಪ್ಪಣಿ ಸಹಿತ ಸಮಿತಿಗೆ ಕಳಿಸಿದೆವು.

ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ಕಾರಣ ಕೇಳಿದ ಪತ್ರಕ್ಕೆ ಉತ್ತರ ಬಂದಿಲ್ಲ, ಹಾಗಾಗಿ ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಈ ದಾರಿ ಹಿಡಿಯುವವರು ಕೆಲವು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಂಡು ಇಳಿಯುವುದು ಒಳ್ಳೆಯದು. ನೇರ ಖರ್ಚು ದೊಡ್ಡದಲ್ಲ. ಜೆರಾಕ್ಸ್, ಬಸ್, ಜರಡಿ, ಅಂಚೆ. ಮೀನುಗಾರ ಸಂಘದವರು ಅದನ್ನು ಹಂಚಿಕೊಂಡರು. ಹೋದದ್ದು ಸಂಬಳ. ಈಗ ಅಂಕಣ ವಾರಕ್ಕೊಮ್ಮೆ ಬರುತ್ತಿದೆ, ಕಾಲೇಜುಗಳಲ್ಲಿ ತೀರದ ಅಧ್ಯಯನದ ತರಗತಿ ತೆಗೆದುಕೊಳ್ಳುತ್ತೇನೆ, ಅನುವಾದದ ಕೆಲಸ ಸಿಕ್ಕಾಗ ಮಾಡುತ್ತೇನೆ. ಕೈ ಬಿಗಿಯಾಗಿದೆ. ಆದರೂ ಪ್ರಯೋಗಾಲಯದಲ್ಲಿ ಇದ್ದಾಗ ನನ್ನ ಎಣಿಕೆಯನ್ನು ಯಾರೂ ಮೈಕಿನಲ್ಲಿ ಓದಿರಲಿಲ್ಲ. ಈಗ ಬಳಚು ಹೆಕ್ಕುವ ಮನೆಯ ಮಗಳೊಬ್ಬಳು ತಾನೇ ಚೌಕಟ್ಟು ಹಿಡಿದು ತಿಂಗಳ ಲೆಕ್ಕ ಬರೆಯುತ್ತಾಳೆ, ನಾನು ಅದನ್ನು ನೋಡಿ ಅಂಕಣ ಬರೆಯುತ್ತೇನೆ. ಸಮುದ್ರದ ಪರವಾಗಿ ಬರೆಯಬೇಕೆಂಬ ಆಸೆಯಿಂದ ಈ ವಿಷಯ ಓದಿದವಳಿಗೆ ಇದು ಸರಿಯಾದ ಜಾಗ ಎಂದು ದೃಢವಾಗಿ ಅನಿಸುತ್ತದೆ.

ಸಮಿತಿಯ ಟಿಪ್ಪಣಿ ಪ್ರಸ್ತಾವವನ್ನು ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ. ಮಳೆಗಾಲ ಒಳಗೊಂಡ ಅಧ್ಯಯನ, ಉಬ್ಬರ ಇಳಿತದ ನಡುವಿನ ಬಯಲಿನ ಜೀವಿಗಳ ಮಾಹಿತಿ, ತೀರ ಕೊರೆತದ ಬಗ್ಗೆ ಸ್ಪಷ್ಟನೆ ಇವನ್ನು ಕೇಳಿ ಮುಂದೂಡಿದೆ. ಮುಂದೆ ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಆದೇಶ ತಿಳಿದಂದಿನಿಂದ 30 ದಿನ, ತಕ್ಕ ಕಾರಣವಿದ್ದರೆ ಇನ್ನು 60 ದಿನದವರೆಗೆ ಅವಕಾಶ. ಅದರಾಚೆ ಒಂದು ದಿನವೂ ಇಲ್ಲ. ನಮಗೆ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳದ ಮನವಿಗೆ ಶುಲ್ಕ 1000 ರೂಪಾಯಿ. ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡದ ದಾಖಲೆಗಳಿಗೆಲ್ಲ ಅನುವಾದ ಬೇಕಾಗುತ್ತದೆ. ನಮ್ಮ ಆಕ್ಷೇಪಣೆ, ನಡವಳಿ, ದಿಬ್ಬಗಳ ನಕ್ಷೆ ಇವುಗಳ ಅನುವಾದವನ್ನು ಈಗಲೇ ಶುರು ಮಾಡಿದ್ದೇವೆ. ಇಡೀ ಕಡತದ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿದೆ. ಬೇರೆ ಊರಿನವರು ಮಾದರಿಗಾಗಿ ನೋಡಲು ಬಂದರೆ ಸಂಘದವರು ಕೂರಿಸಿ ತೋರಿಸುತ್ತಾರೆ.